ನಲವತ್ತೇಳನೇ ನಂಬರಿನ ಹೊಟ್ಟೆ

ರಾಗಿಗುಡ್ಡ, ಶಿವಮೊಗ್ಗ
12 ಫೆಬ್ರವರಿ 2024

ಅಪ್ಪಾಜಿ,

ಫೋನ್ ಮಾಡಿದರೆ ನೀವು ಎತ್ತುತ್ತೀರಿ, ನನ್ನ ದನಿ ಕೇಳುತ್ತೀರಿ, "ಉಮಾ, ನಿಂಗೆ" ಎಂದು ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಇದು ಶುರುವಾಗಿ ಹತ್ತು ತಿಂಗಳಾಯಿತು. ಅದಕ್ಕೇ ಈ ಕಾಗದ. ಮೂವತ್ತೈದು ವರ್ಷ ಕಾಗದದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದವರು ಕಾಗದಕ್ಕಾದರೂ ಮರ್ಯಾದೆ ಕೊಡುತ್ತೀರಿ ಎಂದುಕೊಂಡಿದ್ದೇನೆ.

ಹೆಣ್ಣು ನೋಡಲು ಬಂದ ದಿನದ ಬಗ್ಗೆ ಒಂದೇ ಮಾತು. ಹುಡುಗನ ತಾಯಿ ಕೇಸರಿಬಾತಿನ ಚಮಚ ಹಿಡಿದು "ಏನ್ ರಿಸರ್ಚಮ್ಮ ನಿಂದು?" ಎಂದು ಕೇಳಿದರು. "ಜನರ ಮಲ ಪರೀಕ್ಷೆ ಮಾಡ್ತೀವಿ, ಅದರಲ್ಲಿರೋ ಬ್ಯಾಕ್ಟೀರಿಯಾ ಯಾವ್ಯಾವು ಅಂತ ನೋಡ್ತೀವಿ" ಎಂದೆ. ಚಮಚ ತಟ್ಟೆಗೆ ಹೋಯಿತು, ನೀವು ಹಿತ್ತಲಿಗೆ ಹೋದಿರಿ, ಸಂಬಂಧ ಎಲ್ಲಿಗೋ ಹೋಯಿತು. ನಾನು "ಆಹಾರ ಸಂಶೋಧನೆ" ಮಾಡುತ್ತೇನೆ ಎಂದು ನೀವು ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದಿರಂತೆ. ಪೂರ್ತಿ ಸುಳ್ಳಲ್ಲ ಬಿಡಿ. ಆಹಾರವೇ, ಒಂದು ದಿನ ತಡವಾಗಿ.

ಇನ್ನು ಕೆಲಸದ ಮಾತು. ನಮ್ಮ ಕರುಳಿನಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ಸಕ್ಕರೆ ಕಾಯಿಲೆಗೂ ಬೊಜ್ಜಿಗೂ ಕರುಳಿನ ರೋಗಗಳಿಗೂ ಅವುಗಳ ನಂಟಿರುವ ಹಾಗೆ ಕಾಣುತ್ತದೆ. ಯಾವುದು ಕಾರಣ, ಯಾವುದು ಪರಿಣಾಮ ಎಂಬುದು ಇನ್ನೂ ಸ್ಪಷ್ಟವಿಲ್ಲ. ಅದಕ್ಕಾಗಿ ಓಲ್ಡ್ ಟೌನಿನ ನೂರು ಜನರ ಸ್ಯಾಂಪಲ್ ಬೇಕು, ಈಗೊಮ್ಮೆ, ಮಳೆ ಹಿಡಿದ ಮೇಲೊಮ್ಮೆ. ನಿಮ್ಮ ವಯಸ್ಸಿನ ಗಂಡಸರು ನಮ್ಮನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ. ಪರಮೇಶ್ವರಪ್ಪನವರೇ ಕೊಟ್ಟರಂತೆ ಎಂದಾದರೆ ಇಡೀ ಬೀದಿ ಕೊಡುತ್ತದೆ. ಅಮ್ಮ ಆಗಲೇ ಒಪ್ಪಿದ್ದಾಳೆ, ಡಬ್ಬಿಗಳೂ ಊಟದ ಡೈರಿಯೂ ಅವಳ ಹತ್ತಿರ ಇವೆ.

ನನ್ನ ಜೊತೆ ಕೆಲಸ ಮಾಡುವ ಸುದೀಪ್ ಗುರುವಾರ ಐಸ್ ಪೆಟ್ಟಿಗೆ ತರುತ್ತಾರೆ. ಬಾತ್‌ರೂಮು ತೊಳೆಯುವಾಗ ಡಬ್ಬಿ ಎಸೆದುಬಿಡಬೇಡ ಎಂದು ಶಾಂತಮ್ಮನಿಗೆ ಹೇಳಿಡಿ. ಸ್ಯಾಂಪಲ್ ಎಂದರೇನೆಂದು ನಿಮಗೆ ನಾನು ಕಲಿಸಬೇಕಿಲ್ಲ. ಮೂರು ತೊಟ್ಟಿಗಳಿಂದ ತರಬೇಕಾದ ಸ್ಯಾಂಪಲ್ಲನ್ನು ಒಂದೇ ತೊಟ್ಟಿಯಿಂದ ಮೂರು ಬಾಟಲಿಗೆ ತುಂಬಿಸಿ ಕೊಟ್ಟ ನಿಮ್ಮ ಲ್ಯಾಬಿನ ರಾಮಯ್ಯನನ್ನು ನೀವು ಮೂರು ದಿನ ಸಸ್ಪೆಂಡ್ ಮಾಡಿಸಿದ ಕಥೆ ಕೇಳಿ ಬೆಳೆದವಳು ನಾನು.

ಉತ್ತರಕ್ಕೆ ಕಾಯುವ,
ಸ್ಫೂರ್ತಿ


ಓಲ್ಡ್ ಟೌನ್, ಭದ್ರಾವತಿ
17 ಫೆಬ್ರವರಿ 2024

ಚಿ. ಸ್ಫೂರ್ತಿಗೆ,

ವಿಷಯ: ಸ್ಯಾಂಪಲ್ ಒಪ್ಪಿಸಿದ ಬಗ್ಗೆ.
ಉಲ್ಲೇಖ: ನಿನ್ನ 12ನೇ ತಾರೀಖಿನ ಪತ್ರ.

ಗುರುವಾರ ಬೆಳಿಗ್ಗೆ ಸುದೀಪ್ ಎಂಬುವರು ಬಂದು ಎರಡು ಡಬ್ಬಿ ಪಡೆದು ಹೋದರು. ಒಂದು ನಿನ್ನ ತಾಯಿಯದು. ಇನ್ನೊಂದರ ಮೇಲೆ 47 ಎಂಬ ಚೀಟಿ ಇತ್ತು, ಮುಚ್ಚಳ ಭದ್ರವಾಗಿತ್ತು. ಹಿಂದಿನ ಏಳು ದಿನದ ಊಟದ ಡೈರಿಯನ್ನು ನಾನೇ ತುಂಬಿಸಿದ್ದೇನೆ. ಮುಂದಿನ ಸಲ ಬರುವಾಗ ಆ ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ಮುಚ್ಚಿಕೊಂಡು ಬರಲು ಅವರಿಗೆ ಹೇಳತಕ್ಕದ್ದು. ಎದುರು ಮನೆಯ ಜಯಪ್ಪ ಕನ್ನಡಕ ಹಾಕಿಕೊಂಡು ಬಂದು ಓದಿದ.

ರಾಮಯ್ಯನ ವಿಚಾರ ಇಲ್ಲಿ ಅಪ್ರಸ್ತುತ.

ಪರಮೇಶ್ವರಪ್ಪ


ರಾಗಿಗುಡ್ಡ, ಶಿವಮೊಗ್ಗ
6 ಮೇ 2024

ಅಪ್ಪಾಜಿ,

ನಿಮಗೊಂದು ಸುದ್ದಿ. ಇವತ್ತು ಮೀಟಿಂಗಿನಲ್ಲಿ ನಮ್ಮ ಸರ್ ಒಂದು ಚಾರ್ಟ್ ತೋರಿಸಿ, "ಈ ಹೊಟ್ಟೆ ನೋಡಿ, ಹೀಗಿರಬೇಕು" ಎಂದರು. ಹೆಸರಿರಲಿಲ್ಲ, ನಂಬರ್ ಮಾತ್ರ. ನಲವತ್ತೇಳು. ನಾನು ಕೂತಲ್ಲೇ ಉಬ್ಬಿದೆ.

ಸಾಮಾನ್ಯವಾಗಿ ಪೇಟೆಯವರ ಕರುಳಿನಲ್ಲಿ ಬ್ಯಾಕ್ಟೀರಿಯಾದ ಬಗೆಗಳು ಕಡಿಮೆ. ಪಾಲಿಶ್ ಮಾಡಿದ ಅಕ್ಕಿ, ಮೈದಾ, ಸಣ್ಣ ಜ್ವರಕ್ಕೂ ಆ್ಯಂಟಿಬಯಾಟಿಕ್. ನಿಮ್ಮ ನಂಬರಿನಲ್ಲಿ ನಾರು ತಿಂದು ಬದುಕುವ ಬಗೆಗಳೇ ಅಷ್ಟೊಂದಿವೆ. ಓಲ್ಡ್ ಟೌನಿಗೆಲ್ಲ ಇದೇ ಮೊದಲನೆಯದು. ಅಮ್ಮನದು ಪಾಪ, ಮಧ್ಯಮ.

ಒಂದೇ ಒಂದು ತಕರಾರು. ಡೈರಿಯಲ್ಲಿ ನೀವು ಬರೆದಿರುವುದು ಇಡ್ಲಿ, ಚಪಾತಿ, ಅನ್ನ ಸಾರು, ನಾಲ್ಕು ಲೋಟ ಕಾಫಿ. ಇಷ್ಟರಿಂದ ಇಂಥ ಚಾರ್ಟ್ ಬರುವುದು ಕಷ್ಟ. ನಿಮ್ಮ ಹೊಟ್ಟೆ ನಿಮ್ಮ ಡೈರಿಗಿಂತ ಶ್ರೀಮಂತವಾಗಿದೆ. ಅಮ್ಮನಿಗೆ ಗೊತ್ತಿಲ್ಲದೆ ಇನ್ನೇನು ತಿನ್ನುತ್ತಿದ್ದೀರಿ? ನಿಜ ಹೇಳಿ, ಬೈಯುವುದಿಲ್ಲ.

ನಿಮ್ಮ ಬಗ್ಗೆ ಹೆಮ್ಮೆ ಪಡುವ,
ಸ್ಫೂರ್ತಿ


ಓಲ್ಡ್ ಟೌನ್, ಭದ್ರಾವತಿ
14 ಮೇ 2024

ಪ್ರೀತಿಯ ಮಗಳೇ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಾಲ್ಕನೇ ಸಲ ವಾಕಿಂಗಿಗೆ ತೆಗೆದುಕೊಂಡು ಹೋಗಿ ಜಯಪ್ಪನಿಗೆ ಓದಿ ಹೇಳಿದೆ. "ನಿಮ್ಮ ಮಗಳು ಇಂಥ ದೊಡ್ಡ ಕೆಲ್ಸ ಮಾಡ್ತಾಳೆ ಅಂತ ಹೇಳ್ಲೇ ಇಲ್ವಲ್ಲ ಮಾರಾಯ್ರೇ" ಎಂದ. ಈಗ ಸೇತುವೆ ಹತ್ತಿರದ ಟೀ ಅಂಗಡಿಯಲ್ಲಿ ನನ್ನ ಹೊಟ್ಟೆಯದೇ ಮಾತು. ನಮ್ಮ ಮನೆತನದ ಶುದ್ಧ ಊಟ, ವಾರದ ಉಪವಾಸ, ಇವುಗಳ ಬಗ್ಗೆ ನಾನೂ ನಾಲ್ಕು ಮಾತು ಹೇಳಿದೆ. ಮೂವರು ತಾವಾಗಿ ಹೆಸರು ಕೊಟ್ಟಿದ್ದಾರೆ. ನಿನ್ನ ಕೆಲಸವನ್ನು ಇಷ್ಟು ದಿನ ಮುಚ್ಚಿಟ್ಟಿದ್ದಕ್ಕೆ ನಾಚಿಕೆಯಾಯಿತು, ಸ್ಫೂರ್ತಿ. ಮನಸ್ಸಿನಲ್ಲಿಡಬೇಡ.

ನೀನು ಕೇಳಿದ ಊಟದ ವಿಚಾರ. ಇತ್ತೀಚೆಗೆ ರಾಗಿಮುದ್ದೆ, ಹುರುಳಿಕಾಳು, ಹಿತ್ತಲ ಸೊಪ್ಪು, ನೀರು ಹಾಕಿಟ್ಟ ತಂಗಳನ್ನ, ಹೀಗೆ. ಇನ್ನೊಂದು ಪದಾರ್ಥವಿದೆ, ಬರೆಯುವಂಥದ್ದಲ್ಲ. ಡೈರಿಯಲ್ಲಿ ಬಿಟ್ಟುಹೋಗಿತ್ತು.

ಭಾನುವಾರ ಬಾ. ಶಾಂತಮ್ಮನಿಗೆ ಯಾಕೋ ಸುಸ್ತಂತೆ, ಎರಡು ದಿನ ಬಂದಿಲ್ಲ, ಮನೆ ಅಷ್ಟಕ್ಕಷ್ಟೆ. ಆದರೂ ಬಾ.

ನಿನ್ನ ಅಪ್ಪಾಜಿ


ರಾಗಿಗುಡ್ಡ, ಶಿವಮೊಗ್ಗ
5 ಜುಲೈ 2024

ಅಪ್ಪಾಜಿ,

ಇದನ್ನು ಕೂತುಕೊಂಡು ಓದಿ. ಅಮ್ಮನಿಗೆ ಈಗಲೇ ಹೇಳಬೇಡಿ.

ಕಳೆದ ತಿಂಗಳು ಕೊಟ್ಟ ಎರಡನೇ ಸ್ಯಾಂಪಲ್‌ನಲ್ಲಿ, ಐವತ್ತು ದಾಟಿದವರಿಗೆಲ್ಲ ಇನ್ನೊಂದು ಪರೀಕ್ಷೆಯನ್ನೂ ಸೇರಿಸಿದ್ದೆವು. ಮಲದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತವಿದ್ದರೆ ಅದು ಹೇಳುತ್ತದೆ. ನಿಮ್ಮದರಲ್ಲಿ ರಕ್ತವಿದೆ. ನಾನೇ ಇನ್ನೊಮ್ಮೆ ಮಾಡಿ ನೋಡಿದೆ. ಇದೆ.

ಹೆದರಬೇಡಿ. ಮೂಲವ್ಯಾಧಿ ಇದ್ದರೂ ಹೀಗೆ ಬರುತ್ತದೆ. ಆದರೆ ಕರುಳಿನಲ್ಲಿ ಗಡ್ಡೆ ಶುರುವಾಗುವಾಗಲೂ ಹೀಗೇ ಬರುತ್ತದೆ, ಬೇಗ ಹಿಡಿದರೆ ವಾಸಿಯಾಗುತ್ತದೆ. ಅಷ್ಟು ಒಳ್ಳೆಯ ಚಾರ್ಟ್ ಇದ್ದ ಹೊಟ್ಟೆಯಲ್ಲಿ ಹೀಗೆ ಹೇಗೆ ಎಂದು ಕೇಳಬೇಡಿ. ಒಳ್ಳೆಯ ಚಾರ್ಟ್ ಯಾರಿಗೂ ಗ್ಯಾರಂಟಿ ಕೊಡುವುದಿಲ್ಲ. ನಮಗೆ ಗೊತ್ತಿರುವುದು ಅಷ್ಟು ಕಡಿಮೆ.

ಸುಸ್ತಾಗುತ್ತಿದೆಯೇ? ತೂಕ ಇಳಿದಿದೆಯೇ? ಯಾವಾಗ ಬರುತ್ತೀರಿ ಹೇಳಿ, ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ತಡ ಮಾಡಬೇಡಿ, ಕೈ ಮುಗಿಯುತ್ತೇನೆ.

ಸ್ಫೂರ್ತಿ


ಓಲ್ಡ್ ಟೌನ್, ಭದ್ರಾವತಿ
11 ಜುಲೈ 2024

ಚಿ. ಸ್ಫೂರ್ತಿಗೆ,

ನಿನ್ನ ಪತ್ರ ತಲುಪಿದೆ. ನಾನು ಆರೋಗ್ಯವಾಗಿದ್ದೇನೆ. ಊಟ, ನಿದ್ದೆ, ವಾಕಿಂಗ್ ಎಲ್ಲ ಸರಿಯಾಗಿದೆ. ಪರೀಕ್ಷೆಗಳು ಒಮ್ಮೊಮ್ಮೆ ತಪ್ಪುತ್ತವೆ ಎಂದು ಮೂವತ್ತೈದು ವರ್ಷದ ಅನುಭವದಿಂದ ಹೇಳಬಲ್ಲೆ. ಇದನ್ನು ಇಲ್ಲಿಗೇ ಬಿಡುವುದು ಒಳ್ಳೆಯದು.

ಪರಮೇಶ್ವರಪ್ಪ


ರಾಗಿಗುಡ್ಡ, ಶಿವಮೊಗ್ಗ
21 ಆಗಸ್ಟ್ 2024

ಅಪ್ಪಾಜಿ,

ನಿಮ್ಮನ್ನು ಹಟ ಮಾಡಿ ಎಳೆದುಕೊಂಡು ಬಂದು, ಹಿಂದಿನ ದಿನವೆಲ್ಲ ಹೊಟ್ಟೆ ಖಾಲಿ ಮಾಡಿಸುವ ಆ ಔಷಧಿ ಕುಡಿಸಿ, ಕರುಳಿನೊಳಗೆ ಪೈಪು ಹಾಕಿಸಿದ್ದಕ್ಕೆ ಕ್ಷಮಿಸಿ. ನಿಮ್ಮ ಕರುಳು ಶುಭ್ರವಾಗಿದೆ ಎಂದು ಡಾಕ್ಟರ್ ಹೇಳಿದಾಗ ನಾನು ಕಾರಿಡಾರಿನಲ್ಲಿ ಅತ್ತೆ. ನೀವು ಮಾತ್ರ ನಗಲಿಲ್ಲ. ಮುಜುಗರಕ್ಕೆ ಎಂದುಕೊಂಡೆ.

ಆಮೇಲೆ ಯೋಚನೆ ಶುರುವಾಯಿತು. ರಕ್ತ ನಿಮ್ಮದಲ್ಲವಾದರೆ ಯಾರದ್ದು? ಜೂನ್‌ನಲ್ಲಿ ಅವಸರದಲ್ಲಿ ಚೀಟಿ ಹಚ್ಚಿದವಳು ನಾನು. ಅದಲು ಬದಲು ಮಾಡಿದ್ದೇನೆ ಎಂದು ಸರ್‌ಗೆ ಬರೆದುಕೊಟ್ಟೆ. ಹಿಂದುಮುಂದಿನ ಹದಿನಾರು ನಂಬರುಗಳ ಮನೆಗೆ ಹೋಗಿ, ನನ್ನಿಂದ ತಪ್ಪಾಗಿದೆ, ಇನ್ನೊಮ್ಮೆ ಕೊಡಿ ಎಂದು ಬೇಡಿದೆ. ಒಂದು ಮನೆಯಲ್ಲಿ ಬೈಸಿಕೊಂಡೆ. ಯಾರಲ್ಲೂ ರಕ್ತವಿಲ್ಲ. ಎಲ್ಲೋ ಒಬ್ಬರು ಏನೂ ಗೊತ್ತಿಲ್ಲದೆ ಓಡಾಡಿಕೊಂಡಿದ್ದಾರೆ, ಅವರ ದಿನಗಳನ್ನು ನನ್ನ ಬೇಜವಾಬ್ದಾರಿ ತಿನ್ನುತ್ತಿದೆ. ನಾಚಿಕೆಯಿಂದ ಲ್ಯಾಬಿಗೆ ಹೋಗಲು ಕಾಲೇಳುವುದಿಲ್ಲ.

ನಿನ್ನೆ ಜೂನ್ ಸ್ಯಾಂಪಲ್‌ನ ಬ್ಯಾಕ್ಟೀರಿಯಾ ಪಟ್ಟಿ ಬಂತು. ಫೆಬ್ರವರಿಯ ನಲವತ್ತೇಳು, ಜೂನ್‌ನ ನಲವತ್ತೇಳು, ಎರಡೂ ಒಬ್ಬರದೇ ಹೊಟ್ಟೆ. ಎರಡು ಸಲವೂ ಅದೇ ತಪ್ಪು ಆಗಲು ಹೇಗೆ ಸಾಧ್ಯ ಎಂದು ಸರ್ ಕೇಳಿದರು. "ಕೊಟ್ಟವರೇ ಬೇರೆಯವರದ್ದು ಕೊಟ್ಟಿರಬಹುದಾ?" ಎಂದೂ ಕೇಳಿದರು. ನಮ್ಮ ಅಪ್ಪಾಜಿ ಒಂದು ಬಾಟಲಿಗೋಸ್ಕರ ಮನುಷ್ಯನನ್ನು ಸಸ್ಪೆಂಡ್ ಮಾಡಿಸಿದವರು ಸಾರ್ ಎಂದೆ.

ಆ ಎರಡು ದಿನ ಮನೆಯಲ್ಲಿ ಡಬ್ಬಿಯನ್ನು ಬೇರೆ ಯಾರಾದರೂ ಮುಟ್ಟಿದ್ದರೇ, ಅಪ್ಪಾಜಿ?

ಸ್ಫೂರ್ತಿ


ಓಲ್ಡ್ ಟೌನ್, ಭದ್ರಾವತಿ
26 ಆಗಸ್ಟ್ 2024

ಸ್ಫೂರ್ತಿ,

ನೀನು ಯಾವ ಚೀಟಿಯನ್ನೂ ತಪ್ಪಾಗಿ ಹಚ್ಚಿಲ್ಲ. ನಲವತ್ತೇಳನೇ ನಂಬರಿನ ಹೊಟ್ಟೆ ಶಾಂತಮ್ಮನದು. ಎರಡು ಸಲವೂ.

ಫೆಬ್ರವರಿಯಲ್ಲಿ, ಸುದೀಪ್ ಬರುವ ಹಿಂದಿನ ದಿನ ಡಬ್ಬಿ ಹಿಡಿದು ಬಾತ್‌ರೂಮಿಗೆ ಹೋದೆ. ಆಗಲಿಲ್ಲ. ಲಿಂಗಪೂಜೆ ಮಾಡುವ ಕೈ ಇದು ಎಂದು ನೆಪ ಹೇಳಿಕೊಂಡೆ. ನೆಪವೇ. ನಿನ್ನ ತಾಯಿಯೂ ಪೂಜೆ ಮಾಡುವವಳೇ, ಅವಳು ಕೊಟ್ಟು ಕೈ ತೊಳೆದುಕೊಂಡು ಬಂದಳು. ನನಗೆ ಅಸಹ್ಯ. ಮಗಳು ಊರವರದನ್ನೆಲ್ಲ ಮುಟ್ಟುತ್ತಾಳೆ, ಅಪ್ಪನಿಗೆ ತನ್ನದನ್ನೇ ಮುಟ್ಟಲಾಗಲಿಲ್ಲ. ಶಾಂತಮ್ಮ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಇವಳಿಗೇನು, ಹನ್ನೊಂದು ವರ್ಷದಿಂದ ನಮ್ಮ ಬಾತ್‌ರೂಮು ತೊಳೆಯುವವಳು ಎಂದುಕೊಂಡೆ. ಈ ವಾಕ್ಯವನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ನನ್ನ ತಪ್ಪೆಲ್ಲ ಇದರಲ್ಲೇ ಇದೆ.

"ಗೌರ್ಮೆಂಟಿನೋರು ಹೊಟ್ಟೆ ಪರೀಕ್ಷೆ ಮಾಡ್ತಿದಾರೆ ಶಾಂತಮ್ಮ, ನಿಂದೂ ಕೊಡು, ನಿಂಗೇ ಒಳ್ಳೇದು" ಎಂದೆ. ಉಮಾಗೆ ಹೇಳಬೇಡ ಎಂದೂ ಹೇಳಿದೆ. ಅವಳು ನಾಚಿಕೊಂಡು ನಕ್ಕಳು. ಮರುದಿನ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಜನ್ನಾಪುರದ ತನ್ನ ಮನೆಯಿಂದ ಬಸ್ಸಿನಲ್ಲಿ ತಂದುಕೊಟ್ಟಳು. ಮೇ ತಿಂಗಳಲ್ಲಿ ನೀನು ಊಟದ ಬಗ್ಗೆ ಕೇಳಿದಾಗ ಅವಳನ್ನೇ ಕೇಳಿ ಬರೆದೆ. ಬರೆಯಲಾಗದ ಪದಾರ್ಥ ಒಣಮೀನು.

ಜೂನ್ ಹೊತ್ತಿಗೆ ಅಸಹ್ಯ ಹೋಗಿತ್ತು, ನನ್ನದನ್ನು ಕೊಡಬಹುದಿತ್ತು. ಆದರೆ ಚಾರ್ಟ್ ಬೇರೆ ಬರುತ್ತದಲ್ಲ! ಅಷ್ಟರಲ್ಲಿ ನೀನು ಪ್ರತಿ ಭಾನುವಾರ ಬಂದು ನನ್ನ ಪಕ್ಕ ಕೂರುತ್ತಿದ್ದೆ. ಅದನ್ನು ಕಳೆದುಕೊಳ್ಳಲು ಧೈರ್ಯ ಬರಲಿಲ್ಲ. ಇನ್ನೊಂದು ಡಬ್ಬಿ ಅವಳ ಕೈಗೆ ಕೊಟ್ಟೆ.

ರಕ್ತವಿದೆ ಎಂಬ ನಿನ್ನ ಕಾಗದ ಕೈಗೆ ಬಂದ ದಿನವೇ ಅದು ಯಾರದ್ದೆಂದು ನನಗೆ ಗೊತ್ತಿತ್ತು. ನಲವತ್ತೊಂಬತ್ತು ದಿನ ಸುಮ್ಮನಿದ್ದೆ. ಆಸ್ಪತ್ರೆಯಲ್ಲಿ ಬಟ್ಟೆ ಬಿಚ್ಚಿ ಮಲಗಿದೆ, ಬಾಯಿ ಬಿಚ್ಚಲಿಲ್ಲ. ನಿನಗೆ, ಬೀದಿಗೆ, ಜಯಪ್ಪನಿಗೆ ಗೊತ್ತಾಗುತ್ತದಲ್ಲ ಎಂಬ ಒಂದೇ ಅಂಜಿಕೆ. ಈ ದಿನಗಳಲ್ಲೇ ಅವಳು ಮೂರು ಸಲ ಕೇಳಿದಳು.

"ಯಜಮಾನ್ರೇ, ನನ್ ರಿಪೋರ್ಟ್ ಬಂತಾ?"

"ಎಲ್ಲಾ ಚೆನ್ನಾಗಿದೆ ಶಾಂತಮ್ಮ."

"ಮತ್ ಯಾಕಿಷ್ಟು ಸುಸ್ತು?"

"ವಯಸ್ಸಾಯ್ತಲ್ಲ ನಿಂಗೂ."

ಅವಳಿಗೆ ಐವತ್ನಾಲ್ಕು. ನನಗೆ ಅರವತ್ತೆಂಟು, ನಾನು ಸೇತುವೆವರೆಗೆ ನಡೆದು ಬರುತ್ತೇನೆ. ನಾಳೆ ಹೇಳೋಣ ಎಂದು ದಿನಾ ಅಂದುಕೊಳ್ಳುತ್ತಿದ್ದೆ. ನೀನು ಹದಿನಾರು ಮನೆಗೆ ಹೋಗಿ ಕೈಮುಗಿದೆ ಎಂದು ಓದಿದ ಮೇಲೆ ಆ ನಾಳೆ ಬಂತು. ನನ್ನ ತಪ್ಪಿಗೆ ನೀನು ಬೈಸಿಕೊಂಡೆ.

ಮೊದಲು ಉಮಾಗೆ ಹೇಳಿದೆ. ಅವಳು ಒಲೆ ಆರಿಸಿ, ಸೀರೆ ಬದಲಾಯಿಸಿ, "ನಡೀರಿ ಜನ್ನಾಪುರಕ್ಕೆ" ಎಂದಳು. ಶಾಂತಮ್ಮ ಚಾಪೆಯ ಮೇಲೆ ಮಲಗಿದ್ದಳು, ನನ್ನನ್ನು ಕಂಡು ಎದ್ದು ಸೆರಗು ಸರಿಮಾಡಿಕೊಂಡಳು. ಹೇಳಿದೆ. ಅವಳ ಮಗಳು ಅನುಷಾ ಅಂಗಡಿ ಕೆಲಸದಿಂದ ಆಗತಾನೆ ಬಂದಿದ್ದಳು. "ನಮ್ಮಮ್ಮನ್ ಹೇಲು ಬೇಕಿತ್ತು, ಹೆಸ್ರು ಬೇಡ್ವಾಗಿತ್ತಾ ನಿಮ್ಗೆ?" ಎಂದಳು. ಶಾಂತಮ್ಮ ಅವಳನ್ನು ಸುಮ್ಮನಿರಿಸಿ ನನ್ನ ಮುಖ ನೋಡಿ, "ನಾ ಕೇಳ್ದಾಗೆಲ್ಲ ಚೆನ್ನಾಗಿದೆ ಅಂದ್ರಲ್ಲ ಯಜಮಾನ್ರೇ" ಎಂದಳು. 

ಶಾಂತಮ್ಮನನ್ನು ನಾಳೆಯೇ ಡಾಕ್ಟರಿಗೆ ತೋರಿಸು ಎಂದು ಅಮ್ಮ ನಿನಗೆ ಫೋನಿನಲ್ಲಿ ಹೇಳಿದ್ದಾಳೆ. ಕಾರಣವನ್ನು ನಾನೇ ಬರೆಯಬೇಕೆಂದಳು. ಈ ಕಾಗದವನ್ನು ನಿಮ್ಮ ಸರ್‌ಗೆ ತೋರಿಸು. ರಾಮಯ್ಯನ ಸುಳ್ಳಿನಿಂದ ಒಂದು ದಿನದ ಕಾಗದ ಒರಟಾಯಿತು, ಅಷ್ಟೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ನನ್ನದು ಯಾವುದಕ್ಕೆ ಹೋಯಿತು ಎಂದು ಮತ್ತೆ ಬರೆಯಲಾರೆ.

ಅಪ್ಪಾಜಿ ಎಂದು ಸಹಿ ಮಾಡಲು ಸಂಕೋಚ.

ಪರಮೇಶ್ವರಪ್ಪ


ರಾಗಿಗುಡ್ಡ, ಶಿವಮೊಗ್ಗ
21 ಸೆಪ್ಟೆಂಬರ್ 2024

ಅಪ್ಪಾಜಿ,

ಇಷ್ಟು ದಿನ ಬರೆಯಲಿಲ್ಲ. ಕೋಪವಿತ್ತು, ಈಗಲೂ ಇದೆ.

ಶಾಂತಮ್ಮನ ಆಪರೇಷನ್ ಹನ್ನೆರಡನೇ ತಾರೀಖು ಆಯಿತು. ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ. ತೆಗೆದಿದ್ದಾರೆ. ಹತ್ತಿರದ ಒಂದು ಗ್ರಂಥಿಗೆ ಹರಡಿದೆ, ಆರು ತಿಂಗಳು ಔಷಧಿ ನಡೆಯಬೇಕು. ಜುಲೈನಲ್ಲೇ ಬಂದಿದ್ದರೆ ಆ ಗ್ರಂಥಿಗೆ ಹೋಗುತ್ತಿರಲಿಲ್ಲವೇ ಎಂದು ಡಾಕ್ಟರನ್ನು ಕೇಳಿದೆ. ಹೇಳಲು ಬರುವುದಿಲ್ಲ ಎಂದರು. ನಿಮಗೆ ಸಮಾಧಾನವಾಗಲಿ ಎಂದು ಇದನ್ನು ಬರೆಯುತ್ತಿಲ್ಲ.

ನನ್ನದೂ ಒಂದಿದೆ. ಮುದ್ದೆ ಕಂಡರೆ ಮುಖ ತಿರುಗಿಸುವ ಮನುಷ್ಯ ಮುದ್ದೆ ತಿನ್ನುತ್ತೇನೆಂದು ಬರೆದಾಗಲೇ ನನಗೆ ಅನುಮಾನ ಬಂದಿತ್ತು. ಕೇಳಲಿಲ್ಲ. ಕೇಳಿದ್ದರೆ ಜೂನ್ ಡಬ್ಬಿಯ ಮೇಲೆ ಶಾಂತಮ್ಮನ ಹೆಸರಿರುತ್ತಿತ್ತು. ಫೋನಿನಲ್ಲಿ ನೀವು ಮತ್ತೆ "ಏನಮ್ಮಾ" ಎನ್ನಲು ಶುರುಮಾಡಿದ್ದಿರಿ. ನನಗೂ ಅದನ್ನು ಕಳೆದುಕೊಳ್ಳಲು ಇಷ್ಟವಿರಲಿಲ್ಲ.

ನಲವತ್ತೇಳನ್ನು ಪಟ್ಟಿಯಿಂದ ಹೊಡೆದುಹಾಕಿದೆವು. ಶಾಂತಮ್ಮ ಒಪ್ಪಿಗೆಯ ಫಾರಂಗೆ ಹೆಬ್ಬೆಟ್ಟು ಒತ್ತಿದ್ದಾಳೆ, ಅವಳ ಹೆಸರಿನಲ್ಲೇ. ನಂಬರ್ ನೂರಾ ಒಂದು. ನಿಮ್ಮದು ಬೇಡವೇ ಬೇಡ ಎಂದರು ಸರ್. ನಾನು ಕೇಳಿಕೊಂಡು ಒಂದು ಡಬ್ಬಿ ಕಳಿಸಿದ್ದೇನೆ. ನೂರಾ ಎರಡು. ಸುದೀಪ್ ಬರುವುದಿಲ್ಲ. ನೀವೇ ತಂದುಕೊಡಬೇಕು.

ಸ್ಫೂರ್ತಿ


ಓಲ್ಡ್ ಟೌನ್, ಭದ್ರಾವತಿ
9 ಅಕ್ಟೋಬರ್ 2024

ಸ್ಫೂರ್ತಿ,

ನಿನ್ನೆ ನೀನು ಲ್ಯಾಬಿನಲ್ಲಿ ಇರಲಿಲ್ಲ. ನೂರಾ ಎರಡನ್ನು ಸುದೀಪ್ ಕೈಗೆ ಕೊಟ್ಟು ಬಂದಿದ್ದೇನೆ. ನನ್ನದೇ.

ಡಬ್ಬಿಯನ್ನು ಚೀಲದಲ್ಲಿ ಮುಚ್ಚದೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಕಂಡಕ್ಟರ್ "ಏನ್ ಸಾರ್, ಸ್ವೀಟಾ?" ಎಂದ. "ಅಲ್ಲ ಮಾರಾಯ, ನನ್ ಮಲ, ಪರೀಕ್ಷೆಗೆ ಕೊಡೋಕೆ ಹೋಗ್ತಿದೀನಿ" ಎಂದೆ. ಶಿವಮೊಗ್ಗದವರೆಗೆ ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ ನೀನು ಹೇಳಿದ್ದು ಇಷ್ಟೇ ಅಲ್ಲವೇ ಎಂದು ದಾರಿಯುದ್ದಕ್ಕೂ ಅಂದುಕೊಂಡೆ.

ಟೀ ಅಂಗಡಿಯಲ್ಲೂ ಹೇಳಿದ್ದೇನೆ. ಜಯಪ್ಪ ಈಗ ಬೇರೆ ದಾರಿಯಲ್ಲಿ ವಾಕಿಂಗ್ ಹೋಗುತ್ತಾನೆ.

ಉಮಾ ದಿನಾ ಮಧ್ಯಾಹ್ನ ಗಂಜಿ ಮಾಡಿಕೊಂಡು ಜನ್ನಾಪುರಕ್ಕೆ ಹೋಗುತ್ತಾಳೆ. ನಾನೂ ಹೋಗುತ್ತೇನೆ, ಹೊರಗಿನ ಕಟ್ಟೆಯ ಮೇಲೆ ಕೂರುತ್ತೇನೆ. ಅನುಷಾ ಒಳಗೆ ಬನ್ನಿ ಎಂದಿಲ್ಲ, ಹೋಗಿ ಎಂದೂ ಅಂದಿಲ್ಲ. ಶಾಂತಮ್ಮ ಉಮಾ ಜೊತೆ ಮಾತಾಡುತ್ತಾಳೆ, ನನ್ನ ಜೊತೆ ಇಲ್ಲ. ಇವತ್ತು ಮೊದಲ ಸಲ ಒಳಗಿನಿಂದಲೇ ಕೂಗಿ ಕೇಳಿದಳು.

"ನಿಮ್ದು ಕೊಟ್ರಂತಲ್ಲ ಯಜಮಾನ್ರೇ?"

"ಕೊಟ್ಟೆ ಶಾಂತಮ್ಮ."

"ರಿಪೋರ್ಟ್ ಬಂದ್ಮೇಲೆ ಇಲ್ಲಿಗ್ ತನ್ನಿ. ಚೆನ್ನಾಗಿದೆ ಅಂತ ಬಾಯಲ್ಲಿ ಹೇಳ್ಬೇಡಿ. ಓದಿ ಹೇಳಿ. ಅನುಷಾ ಪಕ್ಕದಲ್ಲಿ ನಿಂತು ನೋಡ್ಕೋತಾಳೆ."

ಆದ್ದರಿಂದ ರಿಪೋರ್ಟನ್ನು ಕನ್ನಡದಲ್ಲಿ ಕಳಿಸು. ಇಂಗ್ಲಿಷಿನಲ್ಲಿದ್ದರೆ ನಾನು ನನಗೆ ಬೇಕಾದ ಹಾಗೆ ಓದಿಬಿಡುತ್ತೇನೆ ಎಂದು ಅವಳಿಗೆ ಅನುಮಾನ. ಅವಳಿಗೆ ಹಾಗನ್ನಿಸುವುದು ಸರಿಯಾಗಿಯೇ ಇದೆ.

ಅಪ್ಪಾಜಿ